ಎರಡು ಸಾವಿರ ಮೀಟರಿನ ಮೇಲೊಂದು ‘ನೀವು’

ತಂತಿ ಮೊದಲು ನರಳುತ್ತದೆ, ಆಮೇಲೆ ಹಾಡುತ್ತದೆ. ಕೆಳಗೆ ಕಣಿವೆಯಲ್ಲಿ, ಸಾಮಾನು ಸಾಗಿಸುವ ತಂತಿಯನ್ನು ನೋಡಿಕೊಳ್ಳುವ ಆಫ್ರಾ ಮೋಟರಿನ ಗುಂಡಿ ಒತ್ತಿದ ಕೂಡಲೇ ಮನೆಯ ಹಿಂದಿನ ಕಂಬದ ಗಾಲಿ ಒಮ್ಮೆ ಕಿರುಗುಟ್ಟಿ, ಉಕ್ಕಿನ ಹಗ್ಗ ಬಂಡೆಯಿಂದ ಬಂಡೆಗೆ ಒಂದೇ ಸ್ವರದಲ್ಲಿ ಗುಂಯ್‌ಗುಡತೊಡಗುತ್ತದೆ. ಹಿಟ್ಟು, ಆಲೂಗಡ್ಡೆ, ಬಿಯರಿನ ಪೀಪಾಯಿ, ಗ್ಯಾಸ್ ಸಿಲಿಂಡರು ಎಲ್ಲವೂ ಈ ಸದ್ದಿನ ಮೇಲೆಯೇ ಏರಿ ಬರುವುದು. ಮನುಷ್ಯರು ಮಾತ್ರ ನಡೆದೇ ಬರಬೇಕು, ಮೂರು ಗಂಟೆ. ಭಾರ ಬದಲಾದಂತೆ ಸ್ವರವೂ ಬದಲಾಗುತ್ತದೆ. ಇವತ್ತು ಪೀಪಾಯಿ ಇದೆ, ಇವತ್ತು ಬರೀ ಬ್ರೆಡ್ಡು ಎಂದು ಬುರ್ಗಿ ಒಲೆಯ ಮುಂದೆ ನಿಂತೇ ಹೇಳಬಲ್ಲಳು.

ಸೆಪ್ಟೆಂಬರಿನ ಆ ಮಂಗಳವಾರ ಅವಳು ಉಂಡೆ ಕಟ್ಟಲೆಂದು ಒಣಗಿದ ಬ್ರೆಡ್ಡು ಹೆಚ್ಚುತ್ತಿದ್ದಳು. ಸ್ವರ ಹಗುರವಾಗಿತ್ತು, ಆದರೆ ಅವಳು ಎಣಿಸಿದಷ್ಟು ಹಗುರವಾಗಿರಲಿಲ್ಲ. ಚಾಕು ಕೆಳಗಿಡುವಷ್ಟರಲ್ಲಿ ಫೋನು ಬಂತು.

“ಮೂರು ಚೀಲ ಹಾಕಿದೀನಿ ಕಣೇ,” ಎಂದಳು ಆಫ್ರಾ.

“ಮೂರಾ? ಕೊರ್ಬಿನಿಯನ್ ಒಬ್ನೇ ಅಲ್ವಾ ಬರೋದು?”

“ಅವನ ಚೀಲ ನನಗೆ ಗೊತ್ತಿಲ್ವಾ, ಇಪ್ಪತ್ತು ವರ್ಷದಿಂದ ಅದೇ ಬೆವರು. ಇನ್ನೆರಡು ಹೊಸದು. ಅಂಗಡಿ ವಾಸನೆ ಕೂಡ ಹೋಗಿಲ್ಲ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಅವನ ಹಿಂದೇನೇ ಹತ್ತಿದ್ರು.”

“ಮಗಳು ಅಳಿಯ ಇರ್ಬೇಕು.”

“ಅವನಿಗೆ ಮಗಳೆಲ್ಲಿಂದ ಬಂದ್ಲೇ? ಮನೇಲಿರೋದು ಒಂದು ಬೆಕ್ಕು.”

“ಹಾಗಾದ್ರೆ ಬೆಕ್ಕಿಗೇ ಮದುವೆ ಆಗಿರ್ಬೇಕು ಬಿಡು,” ಎಂದು ಬುರ್ಗಿ ಇನ್ನೊಂದು ಲೋಫನ್ನು ಎಳೆದುಕೊಂಡಳು. ಇಬ್ಬರು ಹೆಚ್ಚಾದರೆ ಆರು ಉಂಡೆ ಹೆಚ್ಚು.

ಅವಳ ಪೂರ್ತಿ ಹೆಸರು ನೋಟ್‌ಬುರ್ಗಾ. ಆ ಹೆಸರು ಹಿಡಿದು ಅವಳನ್ನು ಕೊನೆಯ ಸಲ ಕೂಗಿದವರು ಮದುವೆ ಮಾಡಿಸಿದ ಪಾದ್ರಿ. ಮರ ಕಡಿಯುವವನ ನಾಲ್ಕನೆಯ ಮಗಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಬೇಸಿಗೆ ಪಾತ್ರೆ ತೊಳೆದುಕೊಡುತ್ತೇನೆಂದು, ಬೆಟ್ಟ ಹತ್ತುವವರು ಉಂಡು ತಂಗುವ ಈ ರೋಟ್‌ಕಾರ್ ಮನೆಗೆ ಹತ್ತಿದಳು. ಆಗ ಮನೆಯನ್ನು ಗುತ್ತಿಗೆಗೆ ನಡೆಸುತ್ತಿದ್ದವನು ಗೀಡಿ. ಮಾತು ಕಡಿಮೆ, ಬೆನ್ನು ಅಗಲ. ಆ ಬೇಸಿಗೆ ಮುಗಿಯಲಿಲ್ಲ. ಮೂವತ್ತಾರು ವರ್ಷವಾಯಿತು, ಪಾತ್ರೆ ಇನ್ನೂ ತೊಳೆಯುತ್ತಲೇ ಇದ್ದೇನೆ ಎಂದು ಅವಳು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಗೀಡಿ ಏಳು ವರ್ಷದ ಹಿಂದಿನ ವಸಂತದಲ್ಲಿ ಮಾಡಿನ ಹಿಮ ತಳ್ಳುತ್ತಿದ್ದಾಗ ಸಲಿಕೆಯ ಮೇಲೆಯೇ ಒರಗಿಕೊಂಡ. ದಣಿವಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡು ಅವಳು ಚಹಾ ಸೋಸಿದ್ದಳು.

ಮನೆ ಅವಳದಲ್ಲ, ಕೆಳಗಿನ ಪಟ್ಟಣದ ಪರ್ವತ ಸಂಘದ್ದು. ಐದು ವರ್ಷಕ್ಕೊಮ್ಮೆ ಗುತ್ತಿಗೆ ಹೊಸದಾಗಬೇಕು. ಸಂಘದ ಕಡೆಯಿಂದ ಮನೆಯ ಮೇಲ್ವಿಚಾರಣೆ ಇಪ್ಪತ್ತೆರಡು ವರ್ಷದಿಂದ ಕೊರ್ಬಿನಿಯನ್‌ನದು. ಭೂಮಾಪನ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ತೆಳು ಮನುಷ್ಯ, ಪೆನ್ಸಿಲಿನಷ್ಟೇ ನೇರ. ಗೀಡಿಯನ್ನು ಮಣ್ಣು ಮಾಡಿದ ಮೂರನೆಯ ವಾರ ಅವನು ಕರಗುವ ಹಿಮದಲ್ಲಿ ಸೊಂಟದವರೆಗೆ ಹೂತುಹೋಗುತ್ತ ಒಬ್ಬನೇ ಹತ್ತಿ ಬಂದಿದ್ದ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಕೈಚಾಚಿದ್ದ. “ನಿನ್ನ ಮಂಡಿ ಬೇಡ ಅನ್ನೋವರೆಗೂ ಈ ಮನೆ ನಿಂದೇ ಬುರ್ಗಿ.” ಅವಳು ಆ ಕೈ ಹಿಡಿದಿದ್ದಳು. ಆ ಮಾತಿನ ಮೇಲೆ ಏಳು ಬೇಸಿಗೆ ಕಳೆದಿದ್ದಳು.

ಸಾವಿರ ಮೀಟರಿನ ಮೇಲೆ ‘ನೀವು’ ಇಲ್ಲ, ಈ ಮನೆಯಿರುವುದು ಎರಡು ಸಾವಿರದಲ್ಲಿ. ಅದು ಯಾರೂ ಬರೆದಿಡದ ಕಾನೂನು. ಬ್ಯಾಂಕಿನವನಿರಲಿ, ಹಸು ಕಾಯುವವನಿರಲಿ, ಬೂಟು ಬಿಚ್ಚಿ ಗೂಡಿನಿಂದ ಉಣ್ಣೆಯ ಚಪ್ಪಲಿ ತೆಗೆದು ಹಾಕಿಕೊಂಡ ಮೇಲೆ ಎಲ್ಲರೂ ‘ನೀನು’. ಹಿಂದೊಮ್ಮೆ ಒಬ್ಬ ನ್ಯಾಯಾಧೀಶ ಬಂದು, “ನಿಮ್ಮಲ್ಲಿ ಬಿಸಿ ಸೂಪು ಸಿಗಬಹುದೇ?” ಎಂದು ಕೇಳಿದ್ದ. “ಸಿಗುತ್ತೆ, ಆದ್ರೆ ನಿನ್ನ ‘ನಿಮ್ಮ’ ಕೆಳಗೆ ಹಸುವಿನ ಗೇಟಿನ ಹತ್ರ ಬಿದ್ದೋಗಬೇಕಿತ್ತಲ್ಲ, ಹೇಗೆ ಇಲ್ಲಿವರೆಗೂ ಹೊತ್ಕೊಂಡ್ ಬಂದೆ?” ಎಂದಿದ್ದಳು ಬುರ್ಗಿ. ತಪ್ಪಿದವನು ಕೋಣೆಯಲ್ಲಿರುವ ಎಲ್ಲರಿಗೂ ಒಂದೊಂದು ಪುಟ್ಟ ಲೋಟ ಪೈನ್‌ಕಾಯಿಯ ಮದ್ಯ ಕುಡಿಸಬೇಕು. ನ್ಯಾಯಾಧೀಶ ಹದಿನೆಂಟು ಲೋಟ ಕುಡಿಸಿದ. ಮರುವರ್ಷ ಮತ್ತೆ ಬಂದು, ಬಾಗಿಲಲ್ಲೇ “ಬುರ್ಗೀ, ಹೊಟ್ಟೆ ಹಸೀತಿದೆ ಕಣೇ” ಎಂದು ಕೂಗಿದ.

ಹೋದ ಸೆಪ್ಟೆಂಬರಿನಲ್ಲಿ ಕೊರ್ಬಿನಿಯನ್ ತಪಾಸಣೆಗೆಂದು ಬಂದವನು ಒಂದು ದಿನದ ಬದಲು ಮೂರು ದಿನ ಉಳಿದಿದ್ದ. ಚೌಕುಳಿ ಹಾಳೆಯ ನೋಟ್‌ಬುಕ್ಕೊಂದನ್ನು ತಂದಿದ್ದ. “ನಾಳೆ ನಿನಗೇನಾದ್ರೂ ಆದ್ರೆ, ಈ ಮನೆ ಹೇಗೆ ಉಸಿರಾಡುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಹೇಳು, ಬರ್ಕೊತೀನಿ.” ಯಾರೂ ಅದುವರೆಗೆ ಅವಳನ್ನು ಹಾಗೆ ಕೇಳಿರಲಿಲ್ಲ. ಉಂಡೆ ಚೆನ್ನಾಗಿದೆ ಎಂದವರಿದ್ದರು, ಕೈಗೆ ಮುತ್ತಿಟ್ಟವರೂ ಇದ್ದರು. ನಿನಗೆ ಏನೇನು ಗೊತ್ತು ಎಂದು ಕೇಳಿದವನು ಇವನೊಬ್ಬನೇ. ಮೊದಲು ನಾಚಿಕೆಯಾಯಿತು, ಆಮೇಲೆ ಮಾತು ಒಡ್ಡು ಕಿತ್ತ ಹಾಗೆ ಬಂತು. ಯಾವ ಕಿಟಕಿಯ ಚಿಲಕವನ್ನು ಎತ್ತಿ ಎಳೆಯಬೇಕು, ಚಳಿಗಾಲಕ್ಕೆ ಕೊಳಾಯಿಗಳನ್ನು ಯಾವ ಕಡೆಯಿಂದ ಖಾಲಿ ಮಾಡುತ್ತ ಬರಬೇಕು, ಬೆಟ್ಟದ ಅಳಿಲುಗಳು ವಯರು ಕಡಿಯದಂತೆ ಏನು ಸವರಬೇಕು, ಮಲಗುವ ಅಟ್ಟದ ಯಾವ ಹಲಗೆ ಮಳೆಗೆ ಮುಂಚೆ ಉಬ್ಬುತ್ತದೆ. ಅವನು ಸಣ್ಣ ಅಕ್ಷರದಲ್ಲಿ ಬರೆದುಕೊಂಡ, ಪಕ್ಕದಲ್ಲಿ ಚಿತ್ರ ಬಿಡಿಸಿಕೊಂಡ. ಮೂರನೆಯ ದಿನ ಅವನು ಇಳಿದುಹೋದ ಮೇಲೆ ಬುರ್ಗಿ ಬೆಂಚಿನಲ್ಲಿ ಕೂತು, ಗೀಡಿ ಸತ್ತ ಮೇಲೆ ಮೊದಲ ಸಲ, ಎದೆ ಹಗುರವಾಯಿತು ಅಂದುಕೊಂಡಿದ್ದಳು.

ನಾಲ್ಕು ಗಂಟೆಯ ಹೊತ್ತಿಗೆ ಮೂವರೂ ಬಂದರು. ಕೊರ್ಬಿನಿಯನ್ ಮುಂದೆ, ಹಿಂದೆ ಕೆಂಪು ಗಡ್ಡದ ರೋಮೆಡ್, ಅವನ ಹೆಂಡತಿ ಯೂದಿತ್. ಮೂವತ್ತರ ಆಸುಪಾಸಿನವರು. “ಪರಿಚಯದವರು. ನಡೆಯೋಕೆ ಬಂದಿದಾರೆ,” ಎಂದ ಕೊರ್ಬಿನಿಯನ್, ಬೂಟಿನ ದಾರ ಬಿಚ್ಚುತ್ತ, ತಲೆಯೆತ್ತದೆ.

“ನಡೆಯೋಕೆ ಬಂದೋರು ಚಪ್ಪಲಿ ತಗೊಳ್ಳಿ. ಹಸಿರುದಾರದ್ದು ಬೇಡ, ಅದರಲ್ಲಿ ಬೆಕ್ಕು ಮರಿಹಾಕಿತ್ತು,” ಎಂದಳು ಬುರ್ಗಿ.

ಬಂದವರೆಲ್ಲ ಮನೆಯ ಪುಸ್ತಕದಲ್ಲಿ ಹೆಸರು ಬರೆಯಬೇಕು. ಹೆಸರಿನ ಮುಂದೆ, ನಾಳೆ ಯಾವ ದಾರಿ ಹಿಡಿಯುತ್ತೀರಿ ಎಂಬುದನ್ನೂ. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ಬಿಚ್ಚುವುದು ಆ ಪುಟವನ್ನೇ. ಯೂದಿತ್ ಇಬ್ಬರ ಹೆಸರನ್ನೂ ಬರೆದು, ಮುಂದಿನ ಜಾಗದಲ್ಲಿ ಪೆನ್ನನ್ನು ಹಾಗೇ ಹಿಡಿದು ನಿಂತಳು.

“ನಾಳೆ ಎಲ್ಲಿಗಮ್ಮ?”

“ಎಲ್ಲೂ ಇಲ್ಲ... ಇಲ್ಲೇ,” ಎಂದವಳು ತಕ್ಷಣ, “ಅಂದ್ರೆ, ಕೆಳಗೇ ಇಳೀತೀವಿ,” ಎಂದಳು. ಅವಳ ಕಿವಿ ಕೆಂಪಾದದ್ದನ್ನು ಬುರ್ಗಿ ಹತ್ತಿ ಬಂದ ದಣಿವೆಂದುಕೊಂಡಳು.

ಆ ದಿನ ಬೇರೆ ಅತಿಥಿಗಳೆಂದರೆ ರೈಲ್ವೆಯಿಂದ ನಿವೃತ್ತರಾದ ಇಬ್ಬರು ಗೆಳೆಯರು, ಪ್ರತಿ ವರ್ಷ ಬರುವವರು. ಊಟದ ಹೊತ್ತಿಗೆ ಅವರು ಒಲೆಯ ಪಕ್ಕದ ಮೇಜಿನಲ್ಲಿ ಇಸ್ಪೀಟು ಹರಡಿದ್ದರು. ಬುರ್ಗಿ ಬಾರ್ಲಿ ಸೂಪಿನ ಬೋಗುಣಿ ತಂದಿಟ್ಟಳು, ಹಿಂದೆಯೇ ಹೊಗೆಯಲ್ಲಿ ಒಣಗಿಸಿದ ಮಾಂಸದ ಚೂರು ಹಾಕಿದ ಬ್ರೆಡ್ಡಿನ ಉಂಡೆ. ಕೊರ್ಬಿನಿಯನ್ ತಟ್ಟೆಯನ್ನು ಮುಗಿಸಿರಲಿಲ್ಲ. ಚಮಚ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

“ಬುರ್ಗಿ, ಕೆಲಸ ಮುಗಿದ ಮೇಲೆ ನೀವು ಒಂದೈದು ನಿಮಿಷ ಬಿಡುವು ಮಾಡ್ಕೊಳ್ತೀರಾ?”

ಪಕ್ಕದ ಮೇಜಿನಲ್ಲಿ ಇಸ್ಪೀಟು ನಿಂತಿತು.

“ಏನಂದ ಇವನು?”

“ನೀವು ಅಂದ.”

“ನಿನಗೂ ಹಾಗೇ ಕೇಳಿಸ್ತಾ? ನನ್ನ ಕಿವಿ ಕೆಟ್ಟಿದೆ ಅಂದ್ಕೊಂಡೆ.”

“ಕೆಟ್ಟಿಲ್ಲ. ಇಪ್ಪತ್ತೆರಡು ವರ್ಷ ಬಲೆಗೆ ಬೀಳದ ಮೀನು ಇವತ್ತು ತಾನಾಗಿ ಬಿತ್ತು. ಬುರ್ಗಿ, ಲೋಟ ತಗೊಂಡ್ ಬಾ. ದೊಡ್ಡದು.”

ಎಲ್ಲರೂ ನಕ್ಕರು. ಕೊರ್ಬಿನಿಯನ್ ಕೂಡ ನಕ್ಕ, ಹಲ್ಲು ಮಾತ್ರ. ಬುರ್ಗಿಯೂ ನಗುತ್ತ ಆರು ಲೋಟ ತಂದು ತುಂಬಿದಳು, ತನ್ನದನ್ನು ಒಂದೇ ಗುಟುಕಿಗೆ ಮುಗಿಸಿದಳು. ಅಡುಗೆಮನೆಗೆ ಬಂದ ಮೇಲೆ ನಗು ತುಟಿಯಲ್ಲಿ ಒಣಗಿತು. ಹೊಸಬರ ನಾಲಿಗೆ ಜಾರುತ್ತದೆ, ಸರಿ. ಇವನ ನಾಲಿಗೆಗೆ ಈ ಮನೆಯಲ್ಲಿ ಜಾರುವ ಜಾಗವೇ ಇಲ್ಲ. ‘ನೀನು’ ಎಂದು ಕರೆಯುವವಳಿಗೆ ಹೇಳಲಾಗದ ಯಾವುದೋ ಮಾತನ್ನು ಅವನು ‘ನೀವು’ ಹಾಕಿಕೊಂಡು ಕೆಳಗೇ ಅಭ್ಯಾಸ ಮಾಡಿ ಬಂದಿದ್ದಾನೆ.

ಯೂದಿತ್ ತಟ್ಟೆ ಒರೆಸಿಕೊಡುತ್ತೇನೆಂದು ಬಂದಳು. ಬೇಡವೆಂದರೂ ಬಟ್ಟೆ ಕೈಗೆತ್ತಿಕೊಂಡಳು. ಕೆಲಸ ಗೊತ್ತಿದ್ದ ಕೈ. ಬುರ್ಗಿಗೆ ಅದು ಹಿಡಿಸಿತು. ಅಷ್ಟರಲ್ಲಿ ಗಾಳಿ ತಿರುಗಿತು. ದಕ್ಷಿಣದಿಂದ ಬಿಸಿಗಾಳಿ ಎದ್ದರೆ ಈ ಒಲೆಯ ಹೊಗೆ ಚಿಮಣಿ ಬಿಟ್ಟು ಒಳಗೆ ಬರುತ್ತದೆ. ಯಾರೇ ಆಗಲಿ ಮೊದಲು ಮಾಡುವುದು ಎಲ್ಲ ಬಾಗಿಲು ಬಡಿದು ಮುಚ್ಚುವುದು, ಆಗ ಮನೆಯೇ ಹೊಗೆಗೂಡಾಗುತ್ತದೆ. ಬುರ್ಗಿಯ ಕೈ ಹಿಟ್ಟಿನಲ್ಲಿತ್ತು. ಅವಳು ತಿರುಗುವಷ್ಟರಲ್ಲಿ ಯೂದಿತ್ ಮರದ ಸೌಟೊಂದನ್ನು ತೆಗೆದು, ಬೂದಿಯ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದು, ಸೌಟಿನ ಹಿಡಿಯನ್ನು ಸಂದಿಗೆ ಸಿಕ್ಕಿಸಿದಳು. ಆಮೇಲೆ ಹಿಂದೆ ಕೈಚಾಚಿ, ನೋಡದೆಯೇ, ಉಗ್ರಾಣದ ಮೇಲಿನ ಪುಟ್ಟ ಕಿಟಕಿಯನ್ನು ಎತ್ತಿ ಎಳೆದಳು. ಹೊಗೆ ಮಡಚಿಕೊಂಡು ಮೇಲೇರಿತು.

ಅದನ್ನು ಕಂಡುಹಿಡಿಯಲು ಗೀಡಿಗೆ ಮೂರು ಬೇಸಿಗೆ ಹಿಡಿದಿತ್ತು.

“ಯಾರಮ್ಮ ಹೇಳಿಕೊಟ್ರು ನಿನಗೆ?”

ಯೂದಿತ್‌ಳ ಕೈ ಕಿಟಕಿಯ ಮೇಲೇ ಉಳಿಯಿತು. “ಎಲ್ಲೋ... ಓದಿದ್ದೆ.”

“ಹೌದಾ,” ಎಂದಳು ಬುರ್ಗಿ. “ಒಳ್ಳೇ ಪುಸ್ತಕ.”

ಹಿಟ್ಟು ತೊಳೆದುಕೊಳ್ಳಲು ನಲ್ಲಿ ತಿರುಗಿಸಿದರೆ ನೀರು ನೂಲಿನಷ್ಟೇ ಬಂತು. ಆ ನೂಲಿನ ಕೆಳಗೆ ಅವಳು ಬೆರಳನ್ನು ಒಂದೊಂದಾಗಿ ತೊಳೆದಳು. ಊಟದ ಕೋಣೆಯಲ್ಲಿ ಕೊರ್ಬಿನಿಯನ್ ಕಾಯುತ್ತಿದ್ದ. ಅವನ ಮುಂದೆ ಹಾಯುವಾಗ ಅವಳು ನಿಲ್ಲಲಿಲ್ಲ. “ಬೆಳಿಗ್ಗೆ ಹೇಳು. ಅಷ್ಟರಲ್ಲಿ ಹಳಸೋ ಮಾತಲ್ಲ ಅಲ್ವಾ?”

ಬೆಳಿಗ್ಗೆ ಅವನು ಬೆಂಚಿಗೆ ಬಂದಾಗ ಕೈಯಲ್ಲಿ ಲಕೋಟೆಯಿತ್ತು, ಕಂಕುಳಲ್ಲಿ ನೋಟ್‌ಬುಕ್ಕು. ಬಿಸಿಲು ಎದುರಿನ ಶಿಖರದ ನೆತ್ತಿಗೆ ಮಾತ್ರ ಬಿದ್ದಿತ್ತು. ಬುರ್ಗಿ ಆಲೂಗಡ್ಡೆ ಸುಲಿಯುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಲಕೋಟೆಯನ್ನು ಇಬ್ಬರ ನಡುವೆ ಇಟ್ಟ.

“ಸಭೆ ತೀರ್ಮಾನ ಮಾಡಿದೆ ಬುರ್ಗಿ. ಬರೋ ಬೇಸಿಗೆಯಿಂದ ಮನೆ ಇವರಿಬ್ಬರಿಗೆ.”

ಅವಳು ಹಿಡಿದ ಆಲೂಗಡ್ಡೆಯನ್ನು ಪೂರ್ತಿ ಸುಲಿದಳು. “ಸಭೆಗೆ ಬಾಯಿ ಇದೆಯೇನೋ? ಯಾರು ಹೇಳಿದ್ದು ಅಂತ ಹೇಳು.”

“ಎಲ್ಲರೂ. ಬಿಸಿನೀರಿನ ಸ್ನಾನ ಬೇಕಂತೆ, ಸೋಲಾರ್ ಕರೆಂಟು, ಅಕ್ಟೋಬರ್ ಕೊನೆವರೆಗೂ ಬಾಗಿಲು ತೆಗೆದಿರ್ಬೇಕಂತೆ. ಹೊಸಬರು ಬೇಕು ಅಂತ...”

“ನೀನು ಕೈಯೆತ್ತಿದ್ಯಾ?”

“ಎತ್ತಿದೆ.”

“ಮೊದಲೋ, ಕೊನೆಗೋ?”

“ಅದರಲ್ಲೇನಿದೆ ಈಗ.”

“ನನಗೆ ಇದೆ.”

ಅವನು ಎದುರಿನ ಶಿಖರ ನೋಡಿದ. ಮೊದಲು ಎದ್ದ ಕೈ ಅವನದೇ ಎಂದು ಅವಳಿಗೆ ತಿಳಿಯಿತು.

“ಆ ನೋಟ್‌ಬುಕ್ಕು?”

“ಪ್ರತಿ ಸಲ ಗುತ್ತಿಗೆ ಮಾತು ಬಂದಾಗ ಯಾರಾದ್ರೂ ಒಬ್ರು ಕೇಳೋರು, ಬುರ್ಗಿ ಇಲ್ದೆ ಆ ಮನೆ ಒಂದು ವಾರ ನಡೆಯುತ್ತಾ ಅಂತ. ಯಾರ ಹತ್ರಾನೂ ಉತ್ತರ ಇರ್ತಿರ್ಲಿಲ್ಲ. ಮಾತು ಅಲ್ಲಿಗೇ ನಿಲ್ತಿತ್ತು.”

“ಈ ಸಲ ನಿನ್ನ ಹತ್ರ ಇತ್ತು.”

“ನಿನ್ನ ನಂತರಾನೂ ಮನೆ ಬದುಕ್ಬೇಕಲ್ಲ ಬುರ್ಗಿ. ನಾನು ಮನೆಗೋಸ್ಕರ...”

ಅವಳು ಅವನ ಕಂಕುಳಲ್ಲಿದ್ದ ನೋಟ್‌ಬುಕ್ಕನ್ನು ನೋಡಿದಳು. ಅಂಚು ಮಾಸಿತ್ತು, ಎಷ್ಟೋ ಕೈ ತಿರುವಿದ ಗುರುತು. ಕಾಗದದ ಮೇಲಿನ ಗುತ್ತಿಗೆ ಅವಳನ್ನು ಕಾದಿರಲಿಲ್ಲ, ಇವನು ಚಾಚಿದ ಕೈಯೂ ಕಾದಿರಲಿಲ್ಲ. ಕಾದದ್ದು ಯಾರಿಗೂ ಗೊತ್ತಿಲ್ಲದ ಅವಳ ತಿಳಿವಳಿಕೆ. ಅದನ್ನು ಅವಳು ಇದೇ ಬೆಂಚಿನಲ್ಲಿ ಕೂತು, ಮೂರು ದಿನ, ಇವನಿಗೆ ಪ್ಲಮ್ಮಿನ ಗೊಜ್ಜು ಹಾಕಿದ ಸಿಹಿದೋಸೆಯನ್ನು ತಿನ್ನಿಸುತ್ತ, ನಗುನಗುತ್ತ ತೆಗೆದುಕೊಟ್ಟಿದ್ದಳು.

ಬಾಗಿಲು ತೆರೆಯಿತು. ಯೂದಿತ್ ಹೊರಬಂದವಳು ಇಬ್ಬರ ಮುಖವನ್ನೂ ಲಕೋಟೆಯನ್ನೂ ನೋಡಿ ಹೊಸ್ತಿಲಲ್ಲೇ ನಿಂತಳು.

“ಈಗ ಹೇಳ್ತಿದೀಯಾ?” ಎಂದು ಕೊರ್ಬಿನಿಯನ್‌ನನ್ನು ಕೇಳಿದಳು. “ಅವಳಿಗೆ ಇದು ಈಗ ಗೊತ್ತಾಗ್ತಿರೋದಾ?”

ಅವನು ಲಕೋಟೆಯ ಅಂಚನ್ನು ನೇರ ಮಾಡಿದ.

“ನೀನೇ ಬಿಡ್ತೀನಿ ಅಂದೆ ಅಂತ ಹೇಳಿದ್ದ ಬುರ್ಗಿ,” ಯೂದಿತ್‌ಳ ದನಿ ಸಣ್ಣಗಾಯಿತು. “ಮಂಡಿ ನೋವು, ಇಳಿಯೋಕೂ ಆಗಲ್ಲ ಅಂತ. ಮುಂದೆ ಬರೋರಿಗೆ ಇರ್ಲಿ ಅಂತ ನೀನೇ ಕೂತು ಬರೆಸಿದ್ದು ಅಂತ. ಅದಕ್ಕೇ ನಾವು ಒಪ್ಕೊಂಡ್ವಿ. ನಿನ್ನೆ ಒಲೆ ಹತ್ರ ನೀನು ನೋಡಿದ ರೀತಿ ನೋಡಿ ನನಗೆ ನಿದ್ದೆ ಬರ್ಲಿಲ್ಲ.”

ಬುರ್ಗಿ ಎದ್ದಳು. ಮಡಿಲಿನ ಸಿಪ್ಪೆ ಕಲ್ಲುಹಾಸಿನ ಮೇಲೆ ಉದುರಿತು. ಅವನನ್ನು ‘ನೀವು’ ಎನ್ನಬೇಕೆಂದುಕೊಂಡಳು. ಆ ಒಂದು ಮಾತಿನಿಂದ ಅವನನ್ನು ಬೆಂಚಿನಿಂದ ಎಬ್ಬಿಸಿ, ಹಸುವಿನ ಗೇಟು ದಾಟಿಸಿ, ಕಣಿವೆಯ ತಳದಲ್ಲಿ ನಿಲ್ಲಿಸಬೇಕೆಂದುಕೊಂಡಳು. ಬಾಯಿ ತೆರೆದಳು. ಇಪ್ಪತ್ತೆರಡು ವರ್ಷದ ನಾಲಿಗೆ ಕೇಳಲಿಲ್ಲ.

“ನನ್ನ ಮಂಡಿ ಮೇಲೆ ಸುಳ್ಳು ಹೇಳ್ದೆಯಲ್ಲೋ ನೀನು.”

ಅವನು ತಲೆ ತಗ್ಗಿಸಿದ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ.

ಆ ಹೊತ್ತಿಗೆ ರೈಲ್ವೆಯವನೊಬ್ಬ ಬಾಯಿ ತುಂಬ ಪೇಸ್ಟಿನ ನೊರೆ ತುಂಬಿಕೊಂಡು ಕಿಟಕಿಯಿಂದ ತಲೆ ಹಾಕಿದ. “ಬುರ್ಗಿ, ನಿನ್ನ ನಲ್ಲಿ ಕೆಮ್ತಿದೆ ಕಣೇ. ನೀರಿಲ್ಲ, ಬರೀ ಕೆಮ್ಮು.”

“ಉಗಿ ಆಚೆ. ತರ್ತೀನಿ ಇರು.”

ಒಣ ಬೇಸಿಗೆಗಳ ಕೊನೆಯಲ್ಲಿ ಹೀಗಾಗುತ್ತದೆ. ಮನೆಯ ಹಿಂದಿನ ತೊಟ್ಟಿ ಹಿಮ ಕರಗಿದ ನೀರನ್ನು ನಂಬಿದ್ದು. ಆ ನೀರು ನಿಂತರೆ ಮೇಲೆ ಕಲ್ಲುಗಳ ನಡುವೆ ಇನ್ನೊಂದು ಒರತೆಯಿದೆ, ಅಲ್ಲಿಂದ ರಬ್ಬರಿನ ಕೊಳವೆ ಎಳೆಯಬೇಕು. ಅವಳೂ ಗೀಡಿಯೂ ಮದುವೆಯಾದ ಎರಡನೆಯ ವರ್ಷ ನಾಲ್ಕು ದಿನ ಹುಡುಕಿ ಕಂಡುಕೊಂಡದ್ದು ಅದನ್ನು. ಕೊರ್ಬಿನಿಯನ್ ಮೆಲ್ಲಗೆ ನೋಟ್‌ಬುಕ್ಕು ಬಿಡಿಸಿದ. ಹಾಳೆಯ ತಲೆಯಲ್ಲಿ ‘ಮೇಲಿನ ಒರತೆ’ ಎಂದಿತ್ತು, ಕೆಳಗೆಲ್ಲ ಖಾಲಿ ಚೌಕುಳಿ.

“ಇದೊಂದು ಪುಟ ಉಳಿದಿದೆ,” ಎಂದ ಅವನು, ನೆಲ ನೋಡುತ್ತ. “ಬೇಕಾದಾಗ ತೋರಿಸ್ತೀನಿ ಅಂದಿದ್ದೆ ನೀನು. ನನಗೆ ಕೇಳೋ ಮುಖ ಇಲ್ಲ, ಗೊತ್ತು. ಆದ್ರೆ ನೀರಿಲ್ದೆ ಈ ಮಕ್ಕಳು ಇಲ್ಲಿ...”

“ನಮಗೇನೂ ಬೇಡ,” ಎಂದಳು ಯೂದಿತ್.

ಬುರ್ಗಿ ಗೋಡೆಯ ಮೊಳೆಯಿಂದ ಕೊಳವೆಯ ಸುರುಳಿ ಇಳಿಸಿ ಹೆಗಲಿಗೆ ಹಾಕಿಕೊಂಡಳು. ಸ್ಪಾನರನ್ನು ಏಪ್ರನ್ನಿನ ಕಿಸೆಗೆ ತುರುಕಿದಳು. ಬರುವ ವರ್ಷದ ಸೆಪ್ಟೆಂಬರಿನಲ್ಲೂ ಯಾರೋ ಮೂರು ಗಂಟೆ ಹತ್ತಿ, ಒಣಗಿದ ಬಾಯಿ ಹೊತ್ತು ಈ ಬಾಗಿಲಿಗೆ ಬರುತ್ತಾರೆ. ಅವರು ಯಾವ ಸಭೆಯಲ್ಲೂ ಕೈಯೆತ್ತಿದವರಲ್ಲ. ಅವಳು ಯೂದಿತ್‌ಳ ಕಡೆ ತಿರುಗಿದಳು.

“ಕೇಳಿಸ್ಕೋ. ಮರದ ಶಿಲುಬೆ ದಾಟು. ದಾರಿಯ ಬಣ್ಣದ ಗುರುತು ಬಲಕ್ಕೆ ಹೋಗುತ್ತೆ, ನೀನು ಹೋಗ್ಬೇಡ. ನೇರ ಕಲ್ಲುರಾಶಿ ಹತ್ತು. ಒಂದು ಬಂಡೆ ಇದೆ, ಹಸು ಮಲಗಿದ ಹಾಗೆ...”

ಕೊರ್ಬಿನಿಯನ್‌ನ ಕಡೆಯಿಂದ ಚಿಟ್ ಎಂದಿತು. ಅವನು ಪೆನ್ನಿನ ಮುಚ್ಚಳ ತೆಗೆದಿದ್ದ. ಮಂಡಿಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು, ಹೋದ ವರ್ಷದ ಹಾಗೆಯೇ ಕತ್ತು ಸ್ವಲ್ಪ ವಾಲಿಸಿ, ಮುಂದಿನ ಮಾತಿಗೆ ಕಾಯುತ್ತಿದ್ದ.

ಬುರ್ಗಿ ಅವನನ್ನು ನೋಡಿದಳು. ಆಮೇಲೆ ಶಿಲುಬೆಯ ಕಡೆ ಮುಖ ಮಾಡಿದಳು. “ಆ ಬಂಡೆ ಬಾಲದ ಕಡೆ ನಿಂತು ಕೆಳಗೆ ಬಗ್ಗಿದ್ರೆ ನೀರು ಕಾಣಿಸಲ್ಲ,” ಎನ್ನುತ್ತ ನಡೆಯತೊಡಗಿದಳು, ಯಾರು ಹಿಂದೆ ಬರುತ್ತಾರೆ, ಯಾರು ಬೆಂಚಿನಲ್ಲೇ ಉಳಿಯುತ್ತಾರೆ ಎಂದು ತಿರುಗಿ ನೋಡದೆ, “ಸದ್ದೂ ಕೇಳಿಸಲ್ಲ, ಆದ್ರೆ ಕಲ್ಲಿಗೆ ಕಿವಿ ಇಟ್ಟು ಉಸಿರು ಹಿಡಿದ್ರೆ, ಎಡಗಡೆ...” ಉಳಿದ ಮಾತು ಬೇಕಾದವರು ಅವಳ ಹಿಂದೆ ಹತ್ತಬೇಕಿತ್ತು.